ಹೆಬ್ಬೆರಳ ಕೆಳಗಿನ ಸಾಲು

ನಮ್ಮ ಗಿರಿಜಾ ಪಾಸಾಗಿದ್ದಾಳೆ! ಇವತ್ತು ಬೆಳಿಗ್ಗೆ ಟಪಾಲಿನಲ್ಲಿ ಸರ್ಟಿಫಿಕೇಟು ಬಂತು. ಗ್ರೌಂಡ್ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟು. ವಿಮಾನ ಹಾರಿಸಲು ಕಲಿಯುವವರಿಗೆ ನೆಲದ ಮೇಲಿನ ಪಾಠವನ್ನೆಲ್ಲ ಹೇಳಿಕೊಡುವ ಹಕ್ಕನ್ನು ಸರ್ಕಾರದವರು ನನ್ನ ಮೊಮ್ಮಗಳಿಗೆ ಬರೆದು ಕೊಟ್ಟಿದ್ದಾರೆ. ಕಾಗದದ ನೆತ್ತಿಯ ಮೇಲೆ ಸಿಂಹದ ಮುದ್ರೆ ಇದೆ. ನಾನು ಓದಿದ್ದು ಕನ್ನಡ ಮೂರನೆಯ ಕ್ಲಾಸು. ಇಂಗ್ಲಿಷ್ ಅಕ್ಷರ ನನಗೆ ಇರುವೆ ಹರಿದ ಹಾಗೆ ಕಾಣುತ್ತದೆ. ಆದರೂ ಅವಳ ಹೆಸರು ಎಲ್ಲಿದೆ ಎಂದು ತೋರಿಸಿಕೊಂಡು, ಆ ಜಾಗವನ್ನೇ ಇಪ್ಪತ್ತು ಸಲ ನೋಡಿದ್ದೇನೆ.

ಮನೆಯಲ್ಲಿ ನಿಲ್ಲಲಾಗಲಿಲ್ಲ. ಗುತ್ತೂರಿನ ಓಣಿ ಓಣಿ ತಿರುಗಿದೆ. ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಹೇಳಿದೆ, ಹೊಳೆಯ ಕಡೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹನುಮಂತಪ್ಪನನ್ನು ತಡೆದು ನಿಲ್ಲಿಸಿ ಹೇಳಿದೆ.

"ಹಂಗಾದ್ರೆ ಇನ್ನು ಗಿರಿಜವ್ವ ವಿಮಾನ ಹಾರಸ್ತಾಳೇನು ಬಸಪ್ಪಣ್ಣ?" ಎಂದ ಅವನು.

"ಹಾರ್ಸೋದಲ್ಲೋ ಮಾರಾಯ, ಹಾರ್ಸೋರಿಗೆ ಬುದ್ಧಿ ಹೇಳೋದು!" ಎಂದೆ.

ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಎಮ್ಮೆಗೆ ಒಂದು ಏಟು ಹಾಕಿ, ನಗುತ್ತ ಹೋದ.

ಈಗ ಒಳಗೆ ಹೋಳಿಗೆಗೆ ಬೇಳೆ ಬೇಯುತ್ತಿದೆ. ನನ್ನನ್ನು ಒಲೆಯ ಹತ್ತಿರ ಸೇರಿಸದೆ ಹೊರಗೆ ಅಟ್ಟಿದ್ದಾರೆ. ಕಟ್ಟೆಯ ಮೇಲೆ ಕೂತು ಗಿರಿಜಾಳ ಹಳೆಯ ನೋಟು ಬುಕ್ಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಸಂತೋಷವಾದಾಗ ಜನ ದೇವರನ್ನು ನೆನೆಯುತ್ತಾರೆ. ನಾನು ಮುರಿಗೆಪ್ಪನನ್ನು ನೆನೆಯುತ್ತಿದ್ದೇನೆ. ಭಕ್ತಿಯಿಂದಲ್ಲ. ಅವನೇನಾದರೂ ಇವತ್ತು ಹರಿಹರದ ಸ್ಟೇಷನ್ನಿನಲ್ಲಿ ಕಣ್ಣಿಗೆ ಬಿದ್ದಿದ್ದರೆ, ಈ ಕಾಗದವನ್ನು ಅವನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಓದ್ರಿ ಸಾಹೇಬ್ರ, ದೊಡ್ಡದಾಗಿ ಓದ್ರಿ" ಎನ್ನುತ್ತಿದ್ದೆ.

ಎದುರಿಗೆ ಅವನಿಗೆ 'ರಿ' ಹಚ್ಚಿಯೇ ಮಾತಾಡುತ್ತಿದ್ದೆ, ನೌಕರಿ ಹಾಗಿತ್ತು. ಬರೆಯುವಾಗ ಬಹುವಚನ ಬರುವುದಿಲ್ಲ. ಗಿರಿಜಾ ಓದಿದರೆ ಬೈಯುತ್ತಾಳೆ, ಬೈಯಲಿ.

ಮುರಿಗೆಪ್ಪ ಎಂದರೆ ನನಗೆ ಮೊದಲು ಕಣ್ಣ ಮುಂದೆ ಬರುವುದು ಗೋಣಿತಟ್ಟು. ಅವನ ಬೂಟಿಗೆ ಮಣ್ಣು ತಾಗಬಾರದು. ಜೀಪು ಬಂದು ನಿಂತರೆ ಅದರ ಬಾಗಿಲಿನಿಂದ ವಿಮಾನದ ರೆಕ್ಕೆಯ ತನಕ ನಾನು ಗೋಣಿತಟ್ಟು ಹಾಸಬೇಕು. ಅದರ ಮೇಲೆ ಅವನು ಮದುಮಗನ ಹಾಗೆ ನಡೆದು ಹೋಗುತ್ತಿದ್ದ. ಕಣ್ಣಿಗೆ ಸದಾ ಕರಿ ಕನ್ನಡಕ, ಮೋಡ ಮುಸುಕಿದ್ದರೂ ತೆಗೆಯುವುದಿಲ್ಲ, ಕೋಣೆಯೊಳಗೆ ಚಾ ಕುಡಿಯುವಾಗಲೂ ತೆಗೆಯುವುದಿಲ್ಲ. ಒಂದು ಸಲ ಚಾ ಎಂದು ನನ್ನ ದೀಪದ ಎಣ್ಣೆಯ ಲೋಟಕ್ಕೆ ಕೈ ಹಾಕಿದ್ದ. ನಾನು ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ಹೇಳಿದೆ. ಈಗ ಅನಿಸುತ್ತದೆ, ಯಾಕೆ ಹೇಳಿದೆನೋ.

ಏಳೆಂಟು ವರ್ಷದ ಹಿಂದೆ ದಾವಣಗೆರೆಯ ಕೆಲವು ಹತ್ತಿ ಸಾಹುಕಾರರು ಸೇರಿ ಒಂದು ಸಣ್ಣ ವಿಮಾನದ ಕ್ಲಬ್ಬು ಮಾಡಿದ್ದರು. ಪಾಠ ನಡೆಯುವುದು ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮಹಡಿಯ ಮೇಲೆ, ಹಾರಾಟ ನಡೆಯುವುದು ಇಲ್ಲಿ ನಮ್ಮ ಗುತ್ತೂರಿನ ಬಯಲಿನಲ್ಲಿ. ಇದ್ದದ್ದು ಎರಡು ಸೀಟಿನ ಒಂದೇ ವಿಮಾನ. ನಾನು ಆ ಬಯಲಿನ ಕಾವಲುಗಾರ. ದನ ಓಡಿಸುವುದು, ಕಲ್ಲು ಆರಿಸುವುದು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ತೋರಿಸುವ ಬಟ್ಟೆಯ ಚೀಲವನ್ನು ದಿನಾ ಕಂಬಕ್ಕೆ ಏರಿಸುವುದು ನನ್ನ ಕೆಲಸ.

ಕ್ಲಬ್ಬಿಗೆ ಇಬ್ಬರು ಮೇಷ್ಟ್ರು. ಅಲ್ಲೇ ನನಗೆ ಸರ್ಟಿಫಿಕೇಟಿನಲ್ಲಿ ಎರಡು ತರಹ ಎಂದು ಗೊತ್ತಾದದ್ದು. ನೆಲದ ಮೇಷ್ಟ್ರದು ಒಂದು, ಹಾರಿಸುವ ಮೇಷ್ಟ್ರದು ಇನ್ನೊಂದು. ನೆಲದ ಮೇಷ್ಟ್ರು ಗಾಳಿ, ಮೋಡ, ನಕ್ಷೆ, ಇಂಜಿನ್ನು, ಆಕಾಶದ ಕಾಯಿದೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಕಲಿಸುತ್ತಾರೆ, ಇವರು ಪರೀಕ್ಷೆಗೆ ತಯಾರಿದ್ದಾರೆ ಎಂದು ರುಜು ಹಾಕುತ್ತಾರೆ. ವಿಮಾನದಲ್ಲಿ ಕೂತು ಕಲಿಸುವ ಹಾಗಿಲ್ಲ. ಹಾರಿಸುವ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಾನೆ, ಇಷ್ಟು ಗಂಟೆ ಹಾರಿದರು ಎಂದು ಲಾಗ್ ಬುಕ್ಕಿಗೆ ರುಜು ಹಾಕುತ್ತಾನೆ. ಆ ಗಂಟೆಗಳು ತುಂಬಿದರೆ ಲೈಸೆನ್ಸು. ಎರಡೂ ಬೇಕು. ಒಂದು ಇಲ್ಲದೆ ಇನ್ನೊಂದು ನಡೆಯುವುದಿಲ್ಲ. ಮೂರನೆಯ ಕ್ಲಾಸಿನ ನನಗೆ ಇದು ಅರ್ಥವಾಯಿತು. ಮುರಿಗೆಪ್ಪನಿಗೆ ಆಗಲಿಲ್ಲ.

ಹಾರಿಸುವ ಮೇಷ್ಟ್ರು ಈ ಮುರಿಗೆಪ್ಪ, ನೆಲದ ಮೇಷ್ಟ್ರು ಶ್ರೀನಿವಾಸ ಮೇಷ್ಟ್ರು. ತೆಳ್ಳಗೆ, ಉದ್ದಕ್ಕೆ, ಅಂಗಿಯ ತೋಳಿನ ತುಂಬ ಸೀಮೆಸುಣ್ಣದ ಪುಡಿ. ಒಂದು ಕಣ್ಣು ಮಂದವಾದ್ದರಿಂದ ಅವರಿಗೆ ಹಾರುವ ಯೋಗವಿರಲಿಲ್ಲ. ತಿಂಗಳಿಗೆ ಒಂದೆರಡು ಸಲ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಹರಿಹರಕ್ಕೆ ಬಂದು, ಅಲ್ಲಿಂದ ತುಳಿದುಕೊಂಡು ಬಯಲಿಗೆ ಬರುತ್ತಿದ್ದರು. ಅವರನ್ನು ಕಂಡರೆ ಮುರಿಗೆಪ್ಪನಿಗೆ ಬಾಯಿ ತುರಿಸುತ್ತಿತ್ತು.

"ಬಂದ್ರು ನೋಡ್ರಪ್ಪಾ, ಬೋರ್ಡಿನ ಮ್ಯಾಲೆ ವಿಮಾನ ಹಾರ್ಸೋ ಮೇಷ್ಟ್ರು! ಏನ್ರಿ ಮೇಷ್ಟ್ರ, ಇವತ್ತು ಸೀಮೆಸುಣ್ಣಕ್ಕ ಪೆಟ್ರೋಲ್ ಹಾಕ್ಸಿದ್ರೇನು?"

ಶ್ರೀನಿವಾಸ ಮೇಷ್ಟ್ರು ನಗುತ್ತಿದ್ದರು. "ಇಲ್ಲ ಮುರಿಗೆಪ್ಪನವರೆ, ಅದು ಹಂಗೇ ಓಡ್ತೈತೆ. ನೀವೂ ಒಂದಿನ ಕ್ಲಾಸಿಗೆ ಬರ್ರಿ. ಗಾಳಿ ಪಾಠ ನಡದೈತಿ."

"ನಾ ಮ್ಯಾಲಿನ ಮನುಷ್ಯ ರೀ. ಕೆಳಗಿನ ಮಾತು ನನಗ ಹೇಳಬ್ಯಾಡ್ರಿ."

ಇದು ಅವನ ಮಂತ್ರ. ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಕಸ ಹೊಡೆಯುವವಳಿಗೂ ಹೇಳಿದ್ದ, ನನಗೂ ಹೇಳಿದ್ದ. ನನ್ನನ್ನು ಹೆಸರು ಹಿಡಿದು ಕರೆದವನಲ್ಲ, "ಏ ಕೆಳಗಿನವನೇ" ಎನ್ನುತ್ತಿದ್ದ. ಹುಟ್ಟಿದ್ದು ಎಲ್ಲಿ ಎಂದುಕೊಂಡಿರಿ? ದಾವಣಗೆರೆಯ ಪಕ್ಕದ ಆನೆಕೊಂಡದಲ್ಲಿ. ಅಪ್ಪ ಅವ್ವ ಇಬ್ಬರೂ ಹೊಲದ ಮಣ್ಣು ತುಳಿದವರು. ಹೊರಗಡೆ ಎಲ್ಲೋ ಹೋಗಿ ನಾಲ್ಕು ವರ್ಷ ಇದ್ದು ಬಂದ, ಮುರಿಗೆಪ್ಪ ಹೋಗಿ ಕ್ಯಾಪ್ಟನ್ ಮುರುಗೇಶ್ ಆದ. ಎಮ್ಮೆ ಕಂಡರೆ ಜೀಪಿನಿಂದ ಇಳಿಯುತ್ತಿರಲಿಲ್ಲ. ಆಕಾಶದಲ್ಲಿ ಎಮ್ಮೆ ಇಲ್ಲವೆಂದೇ ಅಲ್ಲಿಗೆ ಹೋದನೋ ಏನೋ.

ಅವನ ಸರ್ಟಿಫಿಕೇಟಿನ ಕಥೆ ಹೇಳಬೇಕು. ಚರ್ಮದ ಚೀಲದಲ್ಲಿ ಅದು ಸದಾ ಅವನ ಬಗಲಲ್ಲಿ ಇರುತ್ತಿತ್ತು. ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ನಾಲ್ಕು ದೋಸೆ ತಿಂದು, ಐದನೆಯದು ಬರುವ ತನಕ ಅದನ್ನು ಹೊರಗೆ ತೆಗೆದು ಪಕ್ಕದವರಿಗೆ ತೋರಿಸುತ್ತಿದ್ದ. ದೋಸೆ ಹುಯ್ಯುವವನಿಗೂ ತೋರಿಸಿದ್ದ. ಒಂದು ದಿನ ಸಾಮಾನು ಹೊರಲು ನಾನೂ ಜೊತೆಗೆ ಹೋಗಿದ್ದೆ. ಆಗ ನೋಡಿದೆ. ಬಲಗೈಯಲ್ಲಿ ಕಾಗದ ಎತ್ತಿ ಹಿಡಿಯುತ್ತಾನೆ, ಹೆಬ್ಬೆರಳು ಮಾತ್ರ ಕೆಳಗಿನ ಮೂಲೆಯ ಒಂದೇ ಜಾಗದ ಮೇಲೆ ಕೂತಿರುತ್ತದೆ. ಯಾರಾದರೂ ಕೈಗೆ ತೆಗೆದುಕೊಳ್ಳಲು ಹೋದರೆ, "ಹಂಗೇ ನೋಡ್ರಿ, ಮುಟ್ಟಬ್ಯಾಡ್ರಿ, ಸರ್ಕಾರದ ಕಾಗದ" ಎಂದು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಬೆಣ್ಣೆಯ ಕೈಯಿಂದ ಹಿಡಿದು ಹಿಡಿದು ಆ ಮೂಲೆಯಲ್ಲಿ ದುಂಡಗೆ ಒಂದು ಜಿಡ್ಡಿನ ಕಲೆ ಬಿದ್ದಿತ್ತು. ನಾನು ಅದನ್ನು ಹೊಲಸುತನ ಎಂದುಕೊಂಡಿದ್ದೆ. ಅಷ್ಟು ಬುದ್ಧಿವಂತಿಕೆ ಅವನಲ್ಲಿ ಇದ್ದೀತು ಎಂದು ನನಗೆ ಹೊಳೆಯಲಿಲ್ಲ.

ಊರಿನ ಇಬ್ಬರಿಗೆ ಪುಕ್ಕಟೆ ಕಲಿಸುತ್ತೇವೆ ಎಂದು ಕ್ಲಬ್ಬಿನವರು ಹೇಳಿದಾಗ ಗಿರಿಜಾ ಅರ್ಜಿ ಹಾಕಿದಳು. ಅವಳು ನನ್ನ ಮಗ ಶಿವಪ್ಪನ ಮಗಳು. ಕಾಲೇಜಿಗೆ ಹೋಗುತ್ತಿದ್ದಳು, ಲೆಕ್ಕದಲ್ಲಿ ಚುರುಕು. ದಿನಾ ರೈಲಿನಲ್ಲಿ ದಾವಣಗೆರೆಗೆ ಹೋಗಿ ಶ್ರೀನಿವಾಸ ಮೇಷ್ಟ್ರ ಕ್ಲಾಸಿನಲ್ಲಿ ಕೂತಳು. ನೆಲದ ಪರೀಕ್ಷೆ ಐದಕ್ಕೆ ಐದೂ ಒಂದೇ ಸಲಕ್ಕೆ ಪಾಸು ಮಾಡಿ ಹಾರಲು ಬಯಲಿಗೆ ಬಂದಳು.

ಮುರಿಗೆಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಾರ್ಕ್ಸು ತಿಂದು ವಿಮಾನ ಏರಂಗಿಲ್ಲವ್ವಾ" ಎಂದ.

"ಇಲ್ರಿ ಸಾರ್, ನಾ ಮನಿಯಾಗ ರೊಟ್ಟಿ ತಿಂದ ಬಂದೀನಿ" ಎಂದಳು ನನ್ನ ಹುಲಿ.

ಹೋಗುತ್ತ ಹೋಗುತ್ತ ಮೂವತ್ತೊಂದು ಗಂಟೆ ಹಾರಿದಳು. ಇನ್ನು ಸ್ವಲ್ಪ ಆದರೆ ಲೈಸೆನ್ಸು. ಮೊದಲ ಸಲ ಅವಳು ನಮ್ಮ ಮನೆಯ ಮೇಲೆ ಹಾದು ಹೋದಾಗ ನನ್ನ ಹೆಂಡತಿ ಗೌರಮ್ಮ ಅಂಗಳದಲ್ಲಿ ನಿಂತು, "ಗಿರ್ಜೀ, ಸೆರಗು ಜ್ವಾಕಿ!" ಎಂದು ಕೂಗಿದಳು. ಗಿರಿಜಾ ಪ್ಯಾಂಟು ಹಾಕಿಕೊಂಡಿದ್ದಳು. ಗೌರಮ್ಮನಿಗೆ ಅದು ಗೊತ್ತಿರಲಿಲ್ಲ, ನಾವು ಹೇಳಿರಲಿಲ್ಲ.

ಮುರಿಗೆಪ್ಪ ಇಳಿಯುವುದರಲ್ಲೂ ಒಂದು ಠೀವಿ ಇತ್ತು. ನಮ್ಮ ಬಯಲು ಪಡುವಣದಿಂದ ಮೂಡಣಕ್ಕೆ ಉದ್ದಕ್ಕಿದೆ. ಮೂಡಣದ ತುದಿಗೆ ರಸ್ತೆ, ಅಲ್ಲಿ ಬಸ್ಸು ಕಾಯುವ ಜನ. ಅವನು ಯಾವಾಗಲೂ ಪಡುವಣದಿಂದ ಬಂದು ರಸ್ತೆಗೆ ಮುಖ ಮಾಡಿ ಇಳಿಯುತ್ತಿದ್ದ, ಜನ ತನ್ನ ಮುಖ ನೋಡಬೇಕಲ್ಲ! ಅವನು ಹಾರುತ್ತಿದ್ದದ್ದು ಬೆಳಗಿನ ಹೊತ್ತು, ಆಗ ಮೂಡಗಾಳಿ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕಂತೆ, ಅದು ತಾನಾಗಿಯೇ ಸರಿಹೋಗುತ್ತಿತ್ತು. ಗಾಳಿ ಅವನನ್ನು ಕಾಯುತ್ತಿತ್ತು, ಅವನು ತನ್ನ ಜಾಣತನ ಎಂದುಕೊಂಡಿದ್ದ.

ಆ ವರ್ಷ ಜೋಳದ ಸುಗ್ಗಿ. ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ವಿಮಾನ ಇಳಿಯಲೆಂದು ರೋಲರ್ ಹೊಡೆಸಿದ ಆ ನೆಲ ಎಷ್ಟು ಗಟ್ಟಿ, ಎಷ್ಟು ಸಾಪಾಗಿತ್ತು ಎಂದರೆ, ನಮ್ಮ ರೈತರ ಕಣ್ಣಿಗೆ ಅದು ವಿಮಾನದ ನೆಲ ಎಂದು ಕಾಣುತ್ತಲೇ ಇರಲಿಲ್ಲ. ಕಣವಾಗಿ ಕಾಣುತ್ತಿತ್ತು. ಬಗ್ಗಿ ಕೈಯಿಂದ ನೆಲ ಸವರಿ, "ಇಂಥ ಕಣ ನಮ್ಮಪ್ಪನ ಕಾಲದಾಗೂ ಇರ್ಲಿಲ್ಲ" ಎನ್ನುತ್ತಿದ್ದರು. ಹನುಮಂತಪ್ಪ ಬಂದು, "ಬಸಪ್ಪಣ್ಣ, ಮೂಡಲ ತುದಿ ಒಂದಿಷ್ಟು ಬಿಟ್ಟುಕೊಡು, ಎರಡು ದಿನದಾಗ ರಾಶಿ ಮಾಡ್ಕೊಂಡು ಹೋಗ್ತೀವಿ" ಎಂದ. ಬಯಲು ಬೇಕಾದಷ್ಟು ಉದ್ದವಿತ್ತು. ನಾನೂ ರೈತನ ಮಗನೇ. ಹೂಂ ಎಂದೆ. ಇನ್ನೊಂದು ತಪ್ಪೂ ಇತ್ತು. ಗಾಳಿ ತೋರಿಸುವ ಚೀಲ ಹರಿದಿತ್ತೆಂದು ಹೊಲಿಸಲು ಮನೆಗೆ ತಂದಿದ್ದೆ. ಕಂಬ ಬೋಳಾಗಿ ನಿಂತಿತ್ತು.

ಆ ದಿನ ಮುರಿಗೆಪ್ಪ ಗಿರಿಜಾಳನ್ನು ಕೂಡಿಸಿಕೊಂಡು ಬಳ್ಳಾರಿಗೆ ಹೋಗಿ ಇಳಿದು, ಮಧ್ಯಾಹ್ನ ಮೂರರ ಹೊತ್ತಿಗೆ ತಿರುಗಿ ಬಂದ. ಅಷ್ಟರಲ್ಲಿ ಗಾಳಿ ತಿರುಗಿ ಪಡುಗಾಳಿ ಬಿದ್ದಿತ್ತು. ಆ ಗಾಳಿಗೇ ಕಾದಿದ್ದ ರೈತರು ಮೊರ ತಲೆಯ ಮೇಲೆತ್ತಿ ಜೋಳ ತೂರುತ್ತಿದ್ದರು. ಹೊಟ್ಟು ಬಂಗಾರದ ಹೊಗೆಯ ಹಾಗೆ ಮೂಡಣಕ್ಕೆ ಹಾರುತ್ತಿತ್ತು. ಹಿಂದೆ ರಸ್ತೆಯ ಕಡೆ ದೊಡ್ಡ ಮೇವಿನ ಬಣವೆ.

ಮೇಲೆ ನಡೆದದ್ದನ್ನು ಗಿರಿಜಾ ಆಮೇಲೆ ಹೇಳಿದಳು. ಅವಳು ಹೊಟ್ಟು ನೋಡಿದ್ದಾಳೆ. "ಸಾರ್, ಗಾಳಿ ತಿರುಗೈತ್ರಿ. ಹೊಟ್ಟು ನೋಡ್ರಿ. ಅದು ನಮ್ಮೆದುರಿಗೆ ಬರಬೇಕು, ನಮ್ಮ ಮುಂದ ಮುಂದ ಓಡಬಾರದು. ಸುತ್ತ ಹಾಕ್ಕೊಂಡು ಆ ಕಡೆಯಿಂದ ಇಳಿಯೋಣ್ರಿ" ಎಂದಿದ್ದಾಳೆ.

"ಹೊಟ್ಟು ನೋಡಿ ವಿಮಾನ ಇಳಸಬೇಕೇನು ನಾನು? ಮ್ಯಾಲಿನ ಮನುಷ್ಯ!" ಎಂದನಂತೆ. ರಸ್ತೆಯಲ್ಲಿ ಆಗ ಬಸ್ಸು ನಿಂತಿತ್ತು. ಬಸ್ಸಿನ ತುಂಬ ಜನ.

ಪಡುವಣದಿಂದಲೇ ಬಂದ. ಗಾಳಿ ಬೆನ್ನಿಗೆ ನೂಕುತ್ತಿದೆ, ನೆಲ ಮುಟ್ಟಿದ ವಿಮಾನ ನಿಲ್ಲಲೊಲ್ಲದು. ಅರ್ಧ ಬಯಲು ಆಯಿತು, ಮುಕ್ಕಾಲು ಆಯಿತು. ನಾನು ಎರಡೂ ಕೈ ಎತ್ತಿ ಕೂಗುತ್ತ ಓಡಿದೆ. ಓಡಿದರೆ ಏನು, ಅದೇನು ಎಮ್ಮೆಯೆ? ರೈತರು ಮೊರ ಬಿಸಾಕಿ ಚೆಲ್ಲಾಪಿಲ್ಲಿಯಾದರು. ವಿಮಾನ ಜೋಳದ ರಾಶಿಯನ್ನು ಸೀಳಿ ಹೋಗಿ ಬಣವೆಗೆ ಮೂಗು ತೂರಿಸಿ ನಿಂತಿತು. ಆ ಬಣವೆ ಇರದಿದ್ದರೆ ಇವತ್ತು ನಮ್ಮ ಮನೆಯಲ್ಲಿ ಹೋಳಿಗೆ ಇರುತ್ತಿರಲಿಲ್ಲ. ಮುಂದೆ ಬರೆಯಲಾರೆ.

ಮೊದಲು ಇಳಿದವಳು ಗಿರಿಜಾ. ಹಣೆ ತರಚಿತ್ತು, ಬೇರೇನೂ ಇಲ್ಲ. ಆಮೇಲೆ ಮುರಿಗೆಪ್ಪ ಇಳಿದ. ಕರಿ ಕನ್ನಡಕ ಕಿವಿಗೆ ನೇತಾಡುತ್ತಿತ್ತು, ಬಾಯಿಯ ತುಂಬ ಮೇವು. ಬೂಟುಗಾಲು ಜೋಳದ ರಾಶಿಯಲ್ಲಿ ಮೊಣಕಾಲ ತನಕ ಹುಗಿದಿತ್ತು. ಗೋಣಿತಟ್ಟು ಹಾಸಲು ನನಗೆ ಪುರಸೊತ್ತಾಗಿರಲಿಲ್ಲ.

ಹನುಮಂತಪ್ಪ ಹತ್ತಿರ ಬಂದು ಅವನ ಮುಖ ನೋಡಿ, "ಯಪ್ಪಾ, ಹಸಿವಾಗಿದ್ರೆ ಹೇಳಬೇಕಿತ್ರಿ, ರೊಟ್ಟಿ ಕೊಡ್ತಿದ್ವಿ" ಎಂದ.

ಮುರಿಗೆಪ್ಪ ಮೇವು ಉಗುಳಿ ಆಡಿದ ಮೊದಲ ಮಾತು, "ಇದೆಲ್ಲ ಕೆಳಗಿನವರ ತಪ್ಪು."

ವಿಚಾರಣೆಗೆ ಬೆಂಗಳೂರಿನಿಂದ ಒಬ್ಬ ಆಫೀಸರು ಬಂದರು. ಬೆಳ್ಳಗಿನ ಮೀಸೆ, ಮಾತು ಕಡಿಮೆ. ಬಯಲಿನ ನನ್ನ ಗುಡಿಸಲಿನಲ್ಲೇ ಕುರ್ಚಿ ಹಾಕಿದೆ. ಚೀಲ ಇಳಿಸಿದ್ದನ್ನು, ಕಣ ಬಿಟ್ಟುಕೊಟ್ಟದ್ದನ್ನು ನಾನೇ ಹೇಳಿದೆ. ಬೈದರು, ಬೈಸಿಕೊಂಡೆ. ಆಮೇಲೆ ಅವರು, "ಎಲ್ಲಿ, ಇಬ್ಬರೂ ಮೇಷ್ಟ್ರ ಸರ್ಟಿಫಿಕೇಟು ಕೊಡಿ" ಎಂದರು.

ಶ್ರೀನಿವಾಸ ಮೇಷ್ಟ್ರು ತಮ್ಮದನ್ನು ಮೇಜಿನ ಮೇಲೆ ಇಟ್ಟರು. ಮುರಿಗೆಪ್ಪ ಚರ್ಮದ ಚೀಲ ಬಿಚ್ಚಿ, ಹೋಟೆಲಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ ಎತ್ತಿ ಹಿಡಿದ.

"ಬೆರಳು ತೆಗೀರಿ" ಎಂದರು ಆಫೀಸರು.

ತೆಗೆಯಲಿಲ್ಲ.

"ಹೆಬ್ಬೆರಳು ತೆಗೀರಿ ಸ್ವಾಮಿ."

ತೆಗೆದ. ಆ ಜಿಡ್ಡಿನ ಕಲೆಯ ಕೆಳಗೆ ಒಂದು ಸಾಲು ಇತ್ತು. ಹಾರಿಸುವ ಮೇಷ್ಟ್ರ ಸರ್ಟಿಫಿಕೇಟಿಗೆ ಗಡುವು ಇರುತ್ತದಂತೆ. ಗಡುವು ಮುಗಿಯುವುದರೊಳಗೆ ಪರೀಕ್ಷೆ ಕೊಟ್ಟು ಹೊಸದು ಮಾಡಿಸಿಕೊಳ್ಳಬೇಕು. ಇವನದು ಮುಗಿದು ಹನ್ನೊಂದು ತಿಂಗಳಾಗಿತ್ತು. ಯಾಕೆ ಮಾಡಿಸಲಿಲ್ಲ ಎಂದರೆ ಪರೀಕ್ಷೆಯಲ್ಲಿ ಗಾಳಿ, ಮೋಡ, ನಕ್ಷೆ ಎಲ್ಲ ಕೇಳುತ್ತಾರೆ. ಕೆಳಗಿನ ಮಾತು! ಅದು ಇವನಿಗೆ ಬಾರದು. ಬರುವುದಿಲ್ಲ ಎಂದು ಹೇಳಿಕೊಂಡು ಶ್ರೀನಿವಾಸ ಮೇಷ್ಟ್ರ ಬೆಂಚಿನ ಮೇಲೆ ಹೋಗಿ ಕೂಡಲು ಸೊಕ್ಕು ಅಡ್ಡ ಬಂತು.

ಆಫೀಸರು ಗಿರಿಜಾಳ ಲಾಗ್ ಬುಕ್ಕು ತೆಗೆದುಕೊಂಡರು. ಅವಳು ಹಾರಲು ಸುರುಮಾಡಿದ್ದೇ ಆ ಗಡುವು ಮುಗಿದ ಮೇಲೆ. ಕೆಂಪು ಮಸಿಯಲ್ಲಿ ಮೊದಲ ಪುಟದಿಂದ ಕೊನೆಯ ತನಕ ಅಡ್ಡಗೆರೆ ಎಳೆದರು. ಪೆನ್ನು ಕಾಗದದ ಮೇಲೆ ಎಳೆಯುವ ಸಪ್ಪಳ ನನಗೆ ಇನ್ನೂ ಕೇಳಿಸುತ್ತದೆ.

"ಸಾರ್, ನಾನು ಹಾರಿದ್ದು ಸುಳ್ಳೇನ್ರಿ?" ಎಂದು ಕೇಳಿದಳು ಗಿರಿಜಾ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಹಾರಿದ್ದು ನಿಜಾನಮ್ಮ. ಆದ್ರೆ ಕಲಿಸಿದವರಿಗೆ ಕಲಿಸೋ ಹಕ್ಕೇ ಇರ್ಲಿಲ್ಲ. ನಾನೇನ್ ಮಾಡ್ಲಿ?" ಎಂದರು. ಆಮೇಲೆ ಶ್ರೀನಿವಾಸ ಮೇಷ್ಟ್ರ ಕಾಗದ ನೋಡಿ, "ಇದಕ್ಕೆ ಗಡುವಿಲ್ಲ. ಇವರು ಕಲಿಸಿದ್ದು, ನೀನು ಪಾಸು ಮಾಡಿದ್ದು, ಅದನ್ನ ಯಾರೂ ಹೊಡೆದುಹಾಕೋ ಹಾಗಿಲ್ಲ" ಎಂದರು.

ಮುರಿಗೆಪ್ಪ ಒಂದು ಮಾತು, ಒಂದೇ ಮಾತು, ಅವಳಿಗೆ ಹೇಳಬೇಕಿತ್ತೋ ಇಲ್ಲವೋ? ತನ್ನ ಕಾಗದವನ್ನು ಚೀಲಕ್ಕೆ ತುರುಕಿಕೊಂಡು ಜೀಪು ಹತ್ತಿದ. ಥೂ!

ಕ್ಲಬ್ಬು ಮುಚ್ಚಿತು, ಮಹಡಿಯ ಮೇಲಿನ ನೆಲದ ಪಾಠವಷ್ಟೇ ಉಳಿಯಿತು. ಮುರಿದ ವಿಮಾನವನ್ನು ಲಾರಿಯ ಮೇಲೆ ಹೇರಿಕೊಂಡು ಹೋದರು. ಗಿರಿಜಾ ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ವಿಮಾನದ ಸದ್ದು ಎಲ್ಲೇ ಕೇಳಲಿ, ತಲೆ ಎತ್ತದೆ ತಟ್ಟೆಯನ್ನೇ ನೋಡುತ್ತಿದ್ದಳು. ಒಂಬತ್ತನೆಯ ದಿನ ಶ್ರೀನಿವಾಸ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು, ತಮ್ಮ ಪುಸ್ತಕದ ಗಂಟನ್ನು ಅವಳ ಮುಂದೆ ಇಟ್ಟು, "ನನಗೆ ವಯಸ್ಸಾತವ್ವ. ಆ ಬೋರ್ಡು ಖಾಲಿ ಬಿಡಬ್ಯಾಡ" ಎಂದರು. ಅಷ್ಟೇ. ಅವಳು ಗಂಟು ಬಿಚ್ಚಿದಳು.

ಮುರಿಗೆಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಅದಾಗಿ ಒಂದು ತಿಂಗಳ ಮೇಲೆ, ನಮ್ಮ ಮನೆಯಲ್ಲೇ. ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಯಿಂದ ನಡೆದುಕೊಂಡು ಬಂದ. ಜೀಪಿಲ್ಲ, ಬೂಟಿಲ್ಲ, ಚಪ್ಪಲಿ, ಕಾಲ ತುಂಬ ಧೂಳು. ಕರಿ ಕನ್ನಡಕವೂ ಇರಲಿಲ್ಲ. ಕಣ್ಣು ಇಷ್ಟು ಸಣ್ಣವೇ ಎಂದು ನನಗೆ ಆವತ್ತು ಗೊತ್ತಾಯಿತು.

"ಗೋಣಿತಟ್ಟು ಹಾಸ್ಲೇನ್ರಿ ಸಾಹೇಬ್ರ?" ಎಂದೆ.

"ಬ್ಯಾಡ ಬಸಪ್ಪ" ಎಂದ. ನನ್ನ ಹೆಸರು ಅವನಿಗೆ ಗೊತ್ತಿತ್ತು ಎಂದಾಯಿತು!

ಬಂದದ್ದು ಯಾಕೆ? ಪರೀಕ್ಷೆ ಕೊಟ್ಟು ಸರ್ಟಿಫಿಕೇಟು ಹೊಸದು ಮಾಡಿಸಿಕೊಳ್ಳಬೇಕು, ನೆಲದ ಪಾಠ ಬೇಕು. ಶ್ರೀನಿವಾಸ ಮೇಷ್ಟ್ರನ್ನು ಕೇಳಿದರೆ, "ಬರ್ರಿ, ಹುಡುಗರ ಜೋಡಿ ಬೆಂಚಿನ ಮ್ಯಾಲೆ ಕೂಡ್ರಿ" ಎಂದರಂತೆ. ಅದು ಆಗದು. ಅದಕ್ಕೆ ಯಾರಿಗೂ ಕಾಣದ ನಮ್ಮ ಮನೆಯ ಪಡಸಾಲೆ. ಯಾರ ಮೂವತ್ತೊಂದು ಗಂಟೆಯನ್ನು ನುಂಗಿದ್ದನೋ ಅವಳ ಹತ್ತಿರವೇ ಕಲಿಯಲು ಬಂದಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ. ಗಿರಿಜಾ ಒಳಗಿನಿಂದ, "ಬರ್ರಿ ಸಾರ್. ಕೆಳಗೆ ಕೂಡ್ರಿ, ನಮ್ಮನಿಯಾಗ ಕುರ್ಚಿ ಇಲ್ಲ" ಎಂದಳು.

ಮೂರು ಮಧ್ಯಾಹ್ನ ಬಂದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಹೇಳುತ್ತಾಳೆ, ಇವನು ತಲೆಯಾಡಿಸುತ್ತಾನೆ, ತಿರುಗಿ ಕೇಳಿದರೆ ಬಾಯಿ ಬಿಡುತ್ತಾನೆ. ಮೂರನೆಯ ದಿನ ಗಾಳಿಯ ಪಾಠ. ಪುಸ್ತಕದಲ್ಲಿ ಬಾಣದ ಗುರುತುಗಳನ್ನು ಎಷ್ಟು ಸಲ ತೋರಿಸಿದರೂ ಎದುರು ಯಾವುದು, ಬೆನ್ನು ಯಾವುದು ಎಂದು ಅವನಿಗೆ ಹತ್ತಲಿಲ್ಲ. ಅಂಗಳದಲ್ಲಿ ಗೌರಮ್ಮ ಜೋಳ ತೂರುತ್ತಿದ್ದಳು. ಗಿರಿಜಾ ಪುಸ್ತಕ ಮುಚ್ಚಿ, "ಅಜ್ಜೀ, ಮೊರ ಇವರ ಕೈಯಾಗ ಕೊಡು" ಎಂದಳು.

ಈಗ ಮಜ ಎಂದು ನಾನು ಕಾದೆ. ಜೋಳ ತನ್ನ ತಲೆಯ ಮೇಲೆಯೇ ಸುರಿದುಕೊಳ್ಳುತ್ತಾನೆ ಎಂದುಕೊಂಡೆ. ಮುರಿಗೆಪ್ಪ ಮೊರ ತೆಗೆದುಕೊಂಡ. ಏನೂ ಯೋಚಿಸಲಿಲ್ಲ. ಕಾಲು ಅಗಲಿಸಿ, ಗಾಳಿಗೆ ಸರಿಯಾಗಿ ಒಂದು ಹೆಜ್ಜೆ ತಿರುಗಿ, ಮೊರ ತಲೆಯ ಮೇಲೆತ್ತಿ ಅಲುಗಿಸಿದ. ಕಾಳು ನೇರ ಕಾಲ ಬಳಿ ಬಿತ್ತು, ಹೊಟ್ಟು ದೂರ ಹೋಯಿತು. ಒಂದು ಕಾಳು ಆಚೀಚೆ ಆಗಲಿಲ್ಲ. ಗೌರಮ್ಮ ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತುಬಿಟ್ಟಳು. ಮೊರ ಖಾಲಿಯಾಗುವ ತನಕ ತೂರಿದ. ಹಾರುವ ಹೊಟ್ಟನ್ನೇ ನೋಡುತ್ತ, "ನಮ್ಮವ್ವ ಹಿಂಗೇ ನಿಲ್ತಿದ್ಲು" ಎಂದ.

"ಗೊತ್ತಾತೇನ್ರಿ ಸಾರ್, ಎದುರು ಯಾವ್ದು ಅಂತ?" ಎಂದಳು ಗಿರಿಜಾ.

"ಗೊತ್ತಾತವ್ವ" ಎಂದ. ಮೊರ ಕೆಳಗಿಟ್ಟು, ಅಂಗಿಗೆ ಹತ್ತಿದ ಧೂಳು ಕೊಡವಿಕೊಂಡು, ನನ್ನ ಕಡೆ ತಿರುಗಿ, "ಬಸಪ್ಪ, ಇದನ್ನ ಯಾರ ಮುಂದೂ ಹೇಳಬ್ಯಾಡ" ಎಂದ.

ನೋಡಿದಿರಾ ಬುದ್ಧಿ? ಜೀವಮಾನದಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದ, ಅದನ್ನೂ ಹೆಬ್ಬೆರಳ ಕೆಳಗೆ ಮುಚ್ಚಿಡಬೇಕಂತೆ. ನನಗೆ ಸಿಟ್ಟು ಬಂತು. ಸಂಜೆಯೊಳಗೆ ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಹೇಳಿದೆ, ಹನುಮಂತಪ್ಪನಿಗೆ ಹೇಳಿದೆ. ಕ್ಯಾಪ್ಟನ್ ಸಾಹೇಬರು ನಮ್ಮ ಅಂಗಳದಲ್ಲಿ ಜೋಳ ತೂರಿದರು ಎಂದು ಊರೆಲ್ಲ ನಕ್ಕಿತು. ನಾಲ್ಕನೆಯ ದಿನ ಅವನು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ರಾಣೆಬೆನ್ನೂರಿನ ಆಚೆ ಎಲ್ಲೋ ಟ್ರ್ಯಾಕ್ಟರ್ ಮಾರುವ ಅಂಗಡಿಯಲ್ಲಿ ಇದ್ದಾನಂತೆ. ಕೊನೆಗೆ ಅನ್ನ ಹಾಕಿದ್ದು ನೆಲವೇ.

ಇಷ್ಟು ಬರೆಯುವ ಹೊತ್ತಿಗೆ ಒಳಗಿನಿಂದ ಕರೆದರು. ಎದ್ದು ಹೋದೆ. ಉಳಿದದ್ದನ್ನು ರಾತ್ರಿ ಊಟವಾದ ಮೇಲೆ ಬರೆಯುತ್ತಿದ್ದೇನೆ.

ಶಿವಪ್ಪ ಮಿಲ್ಲಿನಿಂದ ಬಂದಿದ್ದ. ಶ್ರೀನಿವಾಸ ಮೇಷ್ಟ್ರನ್ನೂ ಊಟಕ್ಕೆ ಕರೆದಿದ್ದೆವು. ಈಗ ಸೈಕಲ್ಲಿಲ್ಲ, ಕೋಲು ಹಿಡಿದಿದ್ದಾರೆ. ಅವರಿಗೆಂದು ಪಕ್ಕದ ಮನೆಯಿಂದ ಕುರ್ಚಿ ತರಿಸಿದ್ದೆವು. ಅವರು ಅದರ ಮೇಲೆ ತಮ್ಮ ಕೋಲನ್ನು ಕೂಡಿಸಿ, ತಾವು ನಮ್ಮ ಸಾಲಿನಲ್ಲಿ ನೆಲದ ಮೇಲೆ ಕೂತರು. ಎಲೆ ಹಾಕಿದರು. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ.

ಎರಡನೆಯ ಹೋಳಿಗೆ ಮುರಿಯುವಾಗ ಶ್ರೀನಿವಾಸ ಮೇಷ್ಟ್ರು, "ಬಸಪ್ಪನವರೆ, ಈ ಸರ್ಟಿಫಿಕೇಟಿನ ಅರ್ಜಿಯೊಳಗೆ ಇದುವರೆಗೆ ಯಾರ್ ಯಾರಿಗೆ ಪಾಠ ಹೇಳೀರಿ ಅಂತ ಕೇಳ್ತಾರೆ. ನಿಮ್ಮ ಮೊಮ್ಮಗಳು ಮೊದಲ್ನೇ ಹೆಸರು ಯಾರದು ಬರದಾಳೆ ಗೊತ್ತೇನು?" ಎಂದರು.

ನಾನು ಗಿರಿಜಾಳ ಮುಖ ನೋಡಿದೆ. "ಆ ಮನುಷ್ಯಂದಾ? ಆ ಸುಡುಗಾಡು ಮುರಿಗೆಪ್ಪಂದಾ?"

"'ಅವರು' ಅಂತ ಅನ್ನಜ್ಜ" ಎಂದಳು. "ಮೂರು ದಿನ ಕಲ್ಸೀನಿ. ಕಲ್ಸಿದ್ದನ್ನ ಮುಚ್ಚಿಡ್ಲೇನು? ನೀ ಊರೆಲ್ಲ ಡಂಗುರ ಹೊಡೀದಿದ್ರೆ ನಾಲ್ಕನೇ ದಿನಾನೂ ಬರ್ತಿದ್ರು. ಪಾಸೂ ಆಗ್ತಿದ್ರೇನೋ."

ನನಗೆ ಬಾಯಿಯ ತುದಿಯ ತನಕ ಮಾತು ಬಂತು, ಹೋಳಿಗೆಯ ಜೊತೆ ನುಂಗಿದೆ. ಮಾತು ತಿರುಗಿಸಲು, "ಎಲ್ಲಿ, ಆ ಕಾಗದ ಇನ್ನೊಮ್ಮೆ ತೋರ್ಸು. ಕೆಳಗಿನ ಮೂಲ್ಯಾಗ ಏನಾರ ಬರ್ದಾರೇನು?" ಎಂದೆ.

ಅವಳು ಎದ್ದು ಹೋಗಿ ತಂದು ನನ್ನ ಮುಂದೆ ಹಿಡಿದಳು. "ನೋಡು. ಇಲ್ಲೇನೂ ಇಲ್ಲ. ಇದಕ್ಕ ಗಡುವಿಲ್ಲಜ್ಜ."

ಬಿಳಿ ಕಾಗದ, ಖಾಲಿ ಮೂಲೆ. ನನಗೆ ಏನನಿಸಿತೋ, ನಿಜವಾಗಿಯೂ ಏನೂ ಇಲ್ಲವೇ ಎಂದು ಹೆಬ್ಬೆರಳಿನಿಂದ ಆ ಜಾಗವನ್ನು ಮುಟ್ಟಿ ನೋಡಿದೆ. ಕೈಯೆಲ್ಲ ತುಪ್ಪ! ದುಂಡಗೆ ಒಂದು ಕಲೆ ಕೂತೇಬಿಟ್ಟಿತು. "ಅಯ್ಯೋ ಅಪ್ಪಾ!" ಎಂದು ಶಿವಪ್ಪ ಕೂಗಿದ. ಗೌರಮ್ಮ ಸೆರಗಿನಿಂದ ಒರೆಸಲು ಹೋದಳು, ಅದು ಇನ್ನಷ್ಟು ಹರಡಿತು. ಶ್ರೀನಿವಾಸ ಮೇಷ್ಟ್ರು ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು.

ಗಿರಿಜಾ ಕಾಗದವನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ಕಲೆಯ ಜಾಗ ಗಾಜಿನ ಹಾಗೆ ಹೊಳೆಯುತ್ತಿತ್ತು.

"ಇರ್ಲಿ ಬಿಡು. ಅದ್ರ ಕೆಳಗೆ ಮುಚ್ಚೋದೇನೂ ಇಲ್ಲ" ಎಂದು ಅದನ್ನು ಗೂಡಿನಲ್ಲಿಟ್ಟು ಬಂದು, ನನ್ನ ಎಲೆಗೆ ಮೂರನೆಯ ಹೋಳಿಗೆ ಹಾಕಿದಳು. ಆಮೇಲೆ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು ತಾನೂ ಉಣ್ಣತೊಡಗಿದಳು.